ಶುಕ್ರವಾರ ಸಂಜೆ ನಿರ್ಧಾರ, ಶನಿವಾರ ನಸುಕಿಗೆ ಪ್ರಯಾಣ: ಗೆಳೆಯರೊಂದಿಗೆ ದಿಢೀರ್ ಗಿರಿಧಾಮ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಶುಕ್ರವಾರ ಸಂಜೆ ಕಚೇರಿಯಿಂದ ಹೊರಬೀಳುವ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಎಲ್ಲಾದ್ರೂ ಹೋಗೋಣ್ವಾ?’ ಎಂಬ ಸಾಲೊಂದು ಬೀಳುತ್ತದೆ. ಹತ್ತು ನಿಮಿಷದಲ್ಲಿ ಐದು ಊರುಗಳ ಹೆಸರು ಬಂದು ಹೋಗುತ್ತವೆ, ಎಂಟು ಜನ ‘ನಾನೂ ಬರ್ತೀನಿ’ ಎನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ನೋಡಿದರೆ ಊರೂ ಗೊತ್ತಾಗಿಲ್ಲ, ಗಾಡಿಯೂ ಗೊತ್ತಾಗಿಲ್ಲ, ಎಂಟು ಜನರಲ್ಲಿ ನಾಲ್ವರು ಮಲಗಿಬಿಟ್ಟಿದ್ದಾರೆ. ಇಂಥ ಪ್ರವಾಸಗಳು ಕೆಡುವುದು ರಸ್ತೆಯಲ್ಲಲ್ಲ, ಆ ಸಂಜೆಯ ನಾಲ್ಕು ಗಂಟೆಗಳಲ್ಲಿ ಎಂಬುದು ಹಲವು ಸಲ ಹೋಗಿ, ಕೆಲವು ಸಲ ಹೋಗಲಾರದೆ ಉಳಿದು ನಾನು ಕಂಡುಕೊಂಡ ಸತ್ಯ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನೋಡುವ ಜಾಗಗಳಿಗಿಂತ ಹೊರಡುವ ಮುನ್ನಿನ ಕೆಲಸಗಳಿಗೇ ಹೆಚ್ಚು ಜಾಗ ಸಿಕ್ಕಿದೆ. ಐದು ಜನ ಬೆಂಗಳೂರಿನಿಂದ ಎರಡು ದಿನಕ್ಕೆ ಚಿಕ್ಕಮಗಳೂರಿಗೆ ಹೋಗುವುದನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಗಿರಿಧಾಮಗಳಲ್ಲಿ ನಿಯಮ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಮೊದಲು ತಲೆ ಎಣಿಸಿ

ಊರು ಆರಿಸುವ ಮೊದಲು ಬರುವವರು ಯಾರು ಎಂಬುದು ಇತ್ಯರ್ಥವಾಗಬೇಕು. ಗುಂಪಿನಲ್ಲಿ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ; ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದರೆ ನಿಜ ಹೊರಬರುತ್ತದೆ. ‘ಎಂಟು ಗಂಟೆಯೊಳಗೆ ಸಾವಿರ ರೂಪಾಯಿ ಹಾಕಿದವರು ಮಾತ್ರ ಲೆಕ್ಕಕ್ಕೆ’ ಎಂಬ ಗಡುವು ಸ್ವಲ್ಪ ಒರಟಾಗಿ ಕೇಳಿಸಬಹುದು, ಆದರೆ ಅದಕ್ಕಿಂತ ಒಳ್ಳೆಯ ಜರಡಿಯನ್ನು ನಾನು ಕಂಡಿಲ್ಲ. ಐದು ಸೀಟಿನ ಕಾರಿಗೆ ಐದೇ ಜನ. ಆರನೆಯವನನ್ನು ‘ಹೇಗೋ ಅಡ್ಜಸ್ಟ್ ಮಾಡಿಕೊಳ್ಳೋಣ’ ಎಂದು ತುರುಕಿಕೊಂಡರೆ ಹಾಸನ ದಾಟುವಷ್ಟರಲ್ಲಿ ಸ್ನೇಹವೇ ಬಿಗಿಯಾಗತೊಡಗುತ್ತದೆ. ಘಾಟಿಯಲ್ಲಿ ಗಾಡಿಗೂ ಅದು ಒಳ್ಳೆಯದಲ್ಲ.

ಈ ಹಂತದಲ್ಲೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಗುಂಪಿನಲ್ಲಿ ಘಾಟಿ ರಸ್ತೆಯಲ್ಲಿ ಗಾಡಿ ಓಡಿಸಿ ಅಭ್ಯಾಸವಿರುವವರು ಎಷ್ಟು ಮಂದಿ? ಕನಿಷ್ಠ ಇಬ್ಬರು ಇರಬೇಕು. ಒಬ್ಬನೇ ಇದ್ದರೆ ಅವನಿಗೆ ಪ್ರವಾಸವಿಲ್ಲ, ಎರಡು ದಿನದ ಡ್ಯೂಟಿ ಮಾತ್ರ. ಯಾರೂ ಇಲ್ಲದಿದ್ದರೆ ಮುಜುಗರ ಪಡದೆ ಬಸ್ಸಿನಲ್ಲಿ ಹೋಗುವುದು ಲೇಸು.

ಊರಿನ ಆಯ್ಕೆಗೆ ಆರು ಗಂಟೆಯ ಲೆಕ್ಕ

ಎರಡು ದಿನದ ಪ್ರವಾಸಕ್ಕೆ ಒಂದು ಕಡೆಯ ಪ್ರಯಾಣ ಆರು ಗಂಟೆ ಮೀರಬಾರದು. ಈ ಅಳತೆ ಇಟ್ಟುಕೊಂಡರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಬೆಂಗಳೂರಿನಿಂದ ಚಿಕ್ಕಮಗಳೂರು ಸುಮಾರು 245 ಕಿಲೋಮೀಟರ್, ಮಡಿಕೇರಿ ಸುಮಾರು 260, ಮೈಸೂರು ಮಾರ್ಗವಾಗಿ ಊಟಿ 270ರ ಆಸುಪಾಸು, ಸೇಲಂ ಮೇಲಿನ ಯೇರ್ಕಾಡ್ ಸುಮಾರು 230. ಕೊಡೈಕೆನಾಲ್ ಮತ್ತು ಮುನ್ನಾರ್ ನಾನೂರೈವತ್ತು ಕಿಲೋಮೀಟರಿಗೂ ಆಚೆ ಇರುವುದರಿಂದ ಮೂರು ದಿನದ ಸಾಲು ರಜೆಗೆ ಮೀಸಲಿಡುವುದು ಸರಿ. ಎರಡೇ ದಿನದಲ್ಲಿ ಮುನ್ನಾರ್ ನೋಡಿ ಬಂದೆವೆಂದು ಬೀಗುವವರು ಸಾಮಾನ್ಯವಾಗಿ ಹೆದ್ದಾರಿಯನ್ನು ನೋಡಿ ಬಂದಿರುತ್ತಾರೆ.

ಕಾಲವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು ಅತ್ಯಂತ ಹಸಿರಾಗಿರುತ್ತದೆ. ಗುಡ್ಡ ಕುಸಿದು ರಸ್ತೆ ಮುಚ್ಚುವುದೂ, ಜಿಲ್ಲಾಡಳಿತ ಪ್ರವಾಸಿಗರನ್ನು ತಡೆಯುವುದೂ ಆಗಲೇ. ಹವಾಮಾನ ಇಲಾಖೆ ಆ ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಬೇರೆ ದಿಕ್ಕು ಹುಡುಕಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಕಾಲ, ಚಳಿ ಹಿತವಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟಗಳು ಹೂಬಿಡುತ್ತವೆ. ಗಿಡದ ರೆಂಬೆಗಳಿಗೆಲ್ಲ ಬಿಳಿ ಹೂವು ಸುತ್ತಿಕೊಂಡು, ಕಾರಿನ ಕಿಟಕಿ ಇಳಿಸಿದರೆ ಮಲ್ಲಿಗೆಯನ್ನು ಹೋಲುವ ಪರಿಮಳ ಒಳನುಗ್ಗುತ್ತದೆ. ಅದು ಎರಡು ಮೂರು ದಿನದ ಭಾಗ್ಯವಾದ್ದರಿಂದ ತಿಂಗಳ ಮೊದಲೇ ಯೋಜಿಸಿ ಹೋಗುವವರಿಗಿಂತ ದಿಢೀರನೆ ಹೊರಡುವವರಿಗೇ ಸಿಗುವ ಸಂಭವ ಹೆಚ್ಚು.

ಅನುಮತಿಗಳನ್ನು ರಾತ್ರಿಯೇ ಪಡೆಯಿರಿ

ಹತ್ತು ವರ್ಷದ ಹಿಂದೆ ಮನಸ್ಸು ಬಂದ ಕೂಡಲೇ ಗಾಡಿ ಹತ್ತಿ ಹೋಗಬಹುದಾಗಿದ್ದ ಬೆಟ್ಟಗಳಿಗೆ ಈಗ ಹಾಗೆ ಹೋಗುವಂತಿಲ್ಲ. ಚಿಕ್ಕಮಗಳೂರು ಜಿಲ್ಲಾಡಳಿತವು ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಭಾಗಕ್ಕೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ನೋಂದಣಿಯನ್ನು ಕಡ್ಡಾಯ ಮಾಡಿದೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡು ಭಾಗ ಮಾಡಿ, ಪ್ರತಿ ಪಾಳಿಗೂ ವಾಹನಗಳ ಮಿತಿ ಇಟ್ಟಿದ್ದಾರೆ. ವಾರಾಂತ್ಯದಲ್ಲಿ ಬೆಳಗಿನ ಪಾಳಿ ಬೇಗ ತುಂಬುತ್ತದೆ. ಆದ್ದರಿಂದ ಶನಿವಾರ ಮಧ್ಯಾಹ್ನದ ಪಾಳಿ ಸಿಗುತ್ತದೆಯೇ, ಭಾನುವಾರ ಬೆಳಗಿನದು ಸಿಗುತ್ತದೆಯೇ ಎಂದು ಮೊದಲು ನೋಡಿ, ಸಿಕ್ಕಿದ್ದಕ್ಕೆ ಹೊಂದುವಂತೆ ಉಳಿದ ದಿನವನ್ನು ಜೋಡಿಸಿಕೊಳ್ಳಿ. ಡಿಸೆಂಬರ್‌ನ ದತ್ತ ಜಯಂತಿಯ ಸಮಯದಲ್ಲಿ ಗಿರಿ ಪ್ರದೇಶಕ್ಕೆ ಪ್ರವಾಸಿಗರನ್ನು ಕೆಲವು ದಿನ ಬಿಡುವುದೇ ಇಲ್ಲ ಎಂಬುದೂ ನೆನಪಿರಲಿ. ಒಮ್ಮೆ ಇದನ್ನು ವಿಚಾರಿಸದೆ ಹೋದ ನಾವು ಕೈಮರದ ಚೆಕ್‌ಪೋಸ್ಟ್‌ನಲ್ಲಿ ಗಾಡಿ ತಿರುಗಿಸಿಕೊಂಡು ಬಂದೆವು. ಅಲ್ಲಿದ್ದ ಸಿಬ್ಬಂದಿಯ ತಪ್ಪೇನೂ ಇರಲಿಲ್ಲ; ಹಿಂದಿನ ದಿನದ ಪತ್ರಿಕೆಯಲ್ಲೇ ಸುದ್ದಿ ಬಂದಿತ್ತು.

ಊಟಿ ಇರುವ ನೀಲಗಿರಿ ಜಿಲ್ಲೆ ಮತ್ತು ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನೂ ಹಾಕಿದ್ದರು. ಫೋನ್ ನಂಬರು, ಗಾಡಿ ನಂಬರು, ಜನರ ಸಂಖ್ಯೆ, ಉಳಿಯುವ ಜಾಗ ಇಷ್ಟನ್ನು ತುಂಬಿದರೆ ಕ್ಯೂಆರ್ ಕೋಡ್ ಇರುವ ಪಾಸ್ ಬರುತ್ತದೆ. ಅದನ್ನು ಚಿತ್ರವಾಗಿ ಉಳಿಸಿಕೊಳ್ಳಿ, ಏಕೆಂದರೆ ಚೆಕ್‌ಪೋಸ್ಟ್ ಇರುವ ಕಡೆ ನೆಟ್‌ವರ್ಕ್ ಇರುತ್ತದೆ ಎಂಬ ಭರವಸೆಯಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಾಪತ್ರಯವಿಲ್ಲ. ನೀಲಗಿರಿಯಲ್ಲಿ ಒಂದು, ಎರಡು ಲೀಟರಿನ ನೀರಿನ ಪ್ಲಾಸ್ಟಿಕ್ ಬಾಟಲಿಗಳಿಗೆ ನಿಷೇಧವಿರುವುದರಿಂದ ಸ್ಟೀಲ್ ಬಾಟಲಿ ಒಯ್ಯಬೇಕು.

ಊಟಿಗೆ ಹೋಗುವವರು ತಪ್ಪದೆ ತಿಳಿದಿರಬೇಕಾದದ್ದು ಬಂಡೀಪುರದ ರಾತ್ರಿ ಸಂಚಾರ ನಿಷೇಧ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡಿನ ಹೆದ್ದಾರಿಗಳಲ್ಲಿ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ಶುಕ್ರವಾರ ರಾತ್ರಿ ಹತ್ತಕ್ಕೆ ಉತ್ಸಾಹದಿಂದ ಹೊರಟರೆ ಗುಂಡ್ಲುಪೇಟೆಯಲ್ಲಿ ಗಾಡಿಯೊಳಗೇ ಬೆಳಗು ಮಾಡಬೇಕಾಗುತ್ತದೆ. ಇನ್ನು ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹೊರಗಿನ ಗಾಡಿಗಳಿಗೆ ಆ ದಾರಿಯಲ್ಲಿ ಇಳಿಯಲು ಅವಕಾಶವಿಲ್ಲ. ಗೂಡಲೂರಿನ ದಾರಿ ಉದ್ದವಾದರೂ ಅದನ್ನೇ ಹಿಡಿಯಿರಿ.

ಚಾರಣದ ಆಸೆಯಿದ್ದರೆ ಕರ್ನಾಟಕ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಪಡೆಯಬೇಕು. ಕುದುರೆಮುಖ, ಕುಮಾರಪರ್ವತದಂಥ ಹೆಸರಾದ ಚಾರಣಗಳಿಗೆ ದಿನದ ಮಿತಿಯಿದ್ದು, ಹಿಂದಿನ ರಾತ್ರಿ ಸಿಗುವುದು ಅಪರೂಪ. ಕಾಳ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಮುಚ್ಚುವುದೂ ಉಂಟು.

ಹೋಮ್‌ಸ್ಟೇ: ಆ್ಯಪ್ ನೋಡಿ, ಆದರೆ ಫೋನ್ ಮಾಡಿ

ಆ್ಯಪ್‌ನಲ್ಲಿ ‘ರೂಮಿಲ್ಲ’ ಎಂದು ತೋರಿಸುವ ಹೋಮ್‌ಸ್ಟೇಗೆ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ‘ಒಂದು ಪಾರ್ಟಿ ಕ್ಯಾನ್ಸಲ್ ಆಗಿದೆ’ ಎಂದು ರೂಮು ಸಿಕ್ಕ ಉದಾಹರಣೆಗಳಿವೆ. ರೂಮಿದೆ ಎಂದು ಆ್ಯಪ್ ತೋರಿಸಿದಾಗಲೂ ಫೋನ್ ಮಾಡಲೇಬೇಕು, ಏಕೆಂದರೆ ಅಲ್ಲಿನ ಫೋಟೋಗಳು ಹೇಳದ ಸಂಗತಿಗಳು ಹಲವು.

ಮೊದಲು ಕೇಳಬೇಕಾದದ್ದು ಬರೀ ಹುಡುಗರ ಗುಂಪಿಗೆ ಕೊಡುತ್ತಾರೆಯೇ ಎಂಬುದನ್ನು. ಅನೇಕರು ಕೊಡುವುದಿಲ್ಲ, ರಾತ್ರಿಯ ಗಲಾಟೆಯಿಂದ ಬೇಸತ್ತವರು ಅವರು, ವಾದ ಮಾಡಿ ಪ್ರಯೋಜನವಿಲ್ಲ. ನಂತರ ಮುಖ್ಯ ರಸ್ತೆಯಿಂದ ಎಷ್ಟು ದೂರ, ಆ ದಾರಿ ಟಾರಿನದೋ ಮಣ್ಣಿನದೋ ಎಂದು ಕೇಳಿ. ಒಮ್ಮೆ ಜುಲೈನಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ಆ ಕಡೆಯ ಹಿರಿಯರು, ‘ಇಲ್ಲೇ ಎರಡು ಕಿಲೋಮೀಟರು ಮಾರಾಯ್ರೆ, ಗಾಡಿ ಯಾವ್ದು ನಿಮ್ದು?’ ಎಂದರು. ಗಾಡಿಯ ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಗೇಟ್ ಹತ್ರ ನಿಲ್ಸಿ, ಜೀಪ್ ಕಳಿಸ್ತೀನಿ’ ಎಂದರು. ಆ ಮೌನದಲ್ಲಿದ್ದ ಮಾಹಿತಿ ಯಾವ ಆ್ಯಪ್‌ನಲ್ಲೂ ಇರಲಿಲ್ಲ. ಮಲೆನಾಡಿನವರ ‘ಇಲ್ಲೇ’ ಎಂಬ ಮಾತಿಗೆ ಯಾವಾಗಲೂ ಸ್ವಲ್ಪ ಸೇರಿಸಿಕೊಂಡೇ ಲೆಕ್ಕ ಹಾಕಬೇಕು.

ದರ ತಲೆಗೋ ರೂಮಿಗೋ, ಅದರಲ್ಲಿ ರಾತ್ರಿಯ ಊಟ ಸೇರಿದೆಯೋ, ಸಸ್ಯಾಹಾರಿಗಳಿಗೆ ಏನಿರುತ್ತದೆ, ಜೀಪಿಗೆ ಬೇರೆ ಹಣವೋ, ಬಿಸಿನೀರು ಒಲೆಯದೋ ಗೀಸರಿನದೋ, ಕರೆಂಟು ಹೋದರೆ ಏನು ವ್ಯವಸ್ಥೆ ಎಂಬುದನ್ನೆಲ್ಲ ಅದೇ ಫೋನಿನಲ್ಲಿ ಕೇಳಿ ಮುಗಿಸಿ. ತೋಟದ ನಡುವಿನ ಮನೆಗೆ ರಾತ್ರಿ ಒಂಬತ್ತಕ್ಕೆ ತಲುಪಿದ ಮೇಲೆ ಊಟಕ್ಕೆಂದು ಮತ್ತೆ ಪೇಟೆಗೆ ಹೋಗುವುದು ಸಾಧ್ಯವಾಗದ ಮಾತು. ಮುಂಗಡವಾಗಿ ಪೂರ್ತಿ ಹಣ ಕೇಳುವವರ ಬಗ್ಗೆ ಎಚ್ಚರವಿರಲಿ. ಜಾಗದ ಲೊಕೇಶನ್, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಎರಡನ್ನೂ ಕೇಳಿ, ಸ್ವಲ್ಪ ಭಾಗವನ್ನಷ್ಟೇ ಕಳಿಸಿ. ಎಲ್ಲರ ಗುರುತಿನ ಚೀಟಿಯೂ ಬೇಕಾಗುತ್ತದೆ.

ಗಾಡಿಯೋ ಬಸ್ಸೋ

ಸ್ವಂತ ಕಾರಾದರೆ ರಾತ್ರಿಯೇ ಟೈರಿನ ಗಾಳಿ, ಸ್ಟೆಪ್ನಿ, ಬ್ರೇಕ್ ಆಯಿಲ್, ವೈಪರ್, ಫಾಸ್ಟ್ಯಾಗ್‌ನ ಹಣ ಇಷ್ಟನ್ನು ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡುವವರು ಬಹಳ ಕಡಿಮೆ. ಬಾಡಿಗೆಗೆ ತೆಗೆದುಕೊಂಡು ನೀವೇ ಓಡಿಸುವುದಾದರೆ ನಂಬರ್ ಪ್ಲೇಟ್ ಕಪ್ಪು ಬಣ್ಣದ್ದಾಗಿದ್ದು ಅಕ್ಷರ ಹಳದಿಯಿರಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಕೊಡುವುದು ನಿಯಮಬಾಹಿರ, ಅಪಘಾತವಾದರೆ ವಿಮೆಯ ಗತಿ ಕಷ್ಟ. ಬೈಕಿನಲ್ಲಿ ಮೈಸೂರು ಕಡೆ ಹೊರಡುವವರಿಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಸಾಗಬೇಕಾದ್ದರಿಂದ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಬಸ್ಸಾದರೆ ಮೆಜೆಸ್ಟಿಕ್‌ನಿಂದ ರಾತ್ರಿ ಹೊರಟು ನಸುಕಿಗೆ ಚಿಕ್ಕಮಗಳೂರು ತಲುಪಬಹುದು. ರಿಸರ್ವೇಶನ್ ಇರುವ ಬಸ್ಸುಗಳು ತುಂಬಿದ್ದರೂ ಸಾಮಾನ್ಯ ಕೆಂಪು ಬಸ್ಸುಗಳು ಇದ್ದೇ ಇರುತ್ತವೆ. ಗುಂಪಿನಲ್ಲಿ ಕರ್ನಾಟಕದ ನಿವಾಸಿಗಳಾದ ಗೆಳತಿಯರಿದ್ದರೆ ಶಕ್ತಿ ಯೋಜನೆಯಡಿ ಅವರಿಗೆ ಆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ; ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಮೇಲಿನ ಜಾಗಗಳಿಗೆ ಪೇಟೆಯಿಂದ ಜೀಪು ಅಥವಾ ಟ್ಯಾಕ್ಸಿ ಮಾಡಿಕೊಳ್ಳಬೇಕಾಗುತ್ತದೆ.

ದುಡ್ಡಿನ ಮಾತು

ಒಬ್ಬನೇ ಖಜಾಂಚಿ. ಎಲ್ಲರೂ ಅವನಿಗೆ ಮುಂಗಡ ಕೊಡುವುದು, ಎಲ್ಲ ಖರ್ಚನ್ನೂ ಅವನೇ ಮಾಡುವುದು. ಹೋಗಿ ಬರುವ 490 ಕಿಲೋಮೀಟರಿಗೆ ಅಲ್ಲಿನ ಓಡಾಟದ 110 ಸೇರಿಸಿದರೆ 600. ಘಾಟಿಯೂ ಇರುವುದರಿಂದ ಲೀಟರಿಗೆ 14 ಕಿಲೋಮೀಟರ್ ಎಂದೇ ಹಿಡಿದರೆ 43 ಲೀಟರ್ ಪೆಟ್ರೋಲ್, ಲೀಟರಿಗೆ 103 ರೂಪಾಯಿಯಂತೆ ಸುಮಾರು 4,400 ರೂಪಾಯಿ, ತಲೆಗೆ 880. ಇದಕ್ಕೆ ಟೋಲ್, ವಾಸ್ತವ್ಯ, ಊಟ ಸೇರಿಸಿ ಹೊರಡುವ ಮೊದಲೇ ಗುಂಪಿಗೆ ಹೇಳಿಬಿಡಿ. ಕೈ ಬಿಗಿಯಿರುವ ಗೆಳೆಯ ಆಗಲೇ ಹಿಂದೆ ಸರಿಯಬಹುದು, ಇಲ್ಲವೇ ಅಗ್ಗದ ರೂಮು ಹುಡುಕೋಣ ಎನ್ನಬಹುದು. ದಾರಿಯಲ್ಲಿ ಅವನಿಗೆ ಮುಜುಗರವಾಗುವುದು ಬೇಡ. ಯುಪಿಐ ಎಲ್ಲ ಕಡೆ ಇದ್ದರೂ ಬೆಟ್ಟದ ಮೇಲೆ ಸಿಗ್ನಲ್ ಇರುವುದಿಲ್ಲ. ಮೂರು ನಾಲ್ಕು ಸಾವಿರ ನಗದು, ಅದೂ ನೂರರ ನೋಟುಗಳಲ್ಲಿ, ಇರಲಿ.

ಚೀಲಕ್ಕೆ ಏನು

ಎತ್ತರ ಒಂದು ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930, ಊಟಿ ಸುಮಾರು 2,240. ಅಂದರೆ ಮುಳ್ಳಯ್ಯನಗಿರಿಯಲ್ಲಿ ಆರೇಳು, ಊಟಿಯಲ್ಲಿ ಎಂಟೊಂಬತ್ತು ಡಿಗ್ರಿ ಕಡಿಮೆ. ಮೇಲಿನ ಗಾಳಿ ಆ ಚಳಿಯನ್ನು ಇನ್ನೂ ಹೆಚ್ಚಿಸುತ್ತದೆ. ಗಾಳಿ ತಡೆಯುವ ಜಾಕೆಟ್ ಒಂದಿದ್ದರೆ ದಪ್ಪ ಸ್ವೆಟರ್ ಎರಡಕ್ಕೆ ಸಮ. ಹಿಡಿತವಿರುವ ಶೂ, ಎರಡು ಜೊತೆ ಹೆಚ್ಚುವರಿ ಕಾಲುಚೀಲ, ಟಾರ್ಚ್, ಪವರ್ ಬ್ಯಾಂಕ್, ಅವರವರ ಔಷಧಿ, ವಾಂತಿ ನಿಲ್ಲಿಸುವ ಮಾತ್ರೆ ಸಾಕು. ಮಳೆಗಾಲವಾದರೆ ಉಂಬಳಗಳಿಗೆಂದು (ಜಿಗಣೆಗಳಿಗೆಂದು) ಉಪ್ಪಿನ ಪೊಟ್ಟಣವಿರಲಿ. ಕಚ್ಚಿದ ಉಂಬಳವನ್ನು ಎಳೆದು ಕೀಳದೆ ಉಗುರಿನ ಅಂಚಿನಿಂದ ಸರಿಸಿ ಬಿಡಿಸಿ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕೆಲವು ಕಾಡುಗಳಲ್ಲಿ ರಕ್ತ ಹೀರುವ ಉಣ್ಣಿಹುಳುಗಳಿಂದ ಹರಡುವ ಮಂಗನ ಕಾಯಿಲೆಯ ಭಯವಿರುತ್ತದೆ. ಸ್ಥಳೀಯರು ‘ಆ ಕಡೆ ಹೋಗಬೇಡಿ’ ಎಂದರೆ ಹೋಗಬೇಡಿ, ತರಗೆಲೆಗಳ ಮೇಲೆ ಕೂರಬೇಡಿ.

ಹೊರಡುವ ಹೊತ್ತು ಮತ್ತು ಘಾಟಿ

ನಸುಕಿನ ಐದಕ್ಕೆ ಗಾಡಿ ಹೊರಟಿರಬೇಕು. ಆರೂವರೆ ದಾಟಿದರೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಸಾಲು ಹಿಡಿಯುತ್ತದೆ. ಐವರನ್ನೂ ಮನೆಮನೆಗೆ ಹೋಗಿ ಹತ್ತಿಸಿಕೊಳ್ಳುವ ಬದಲು ಎಲ್ಲರೂ ಒಂದೇ ಜಾಗಕ್ಕೆ ಬರಬೇಕು, ಅಥವಾ ರಾತ್ರಿಯೇ ಒಬ್ಬರ ಮನೆಯಲ್ಲಿ ಸೇರಬೇಕು. ಎರಡನೆಯದರಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ ಎಂಬ ದೋಷವಿದೆ. ಓಡಿಸುವವರು ಮಾತ್ರ ಕನಿಷ್ಠ ಐದು ಗಂಟೆ ಮಲಗಲೇಬೇಕು. ಕುಣಿಗಲ್, ಯಡಿಯೂರು ದಾಟಿ ಬೆಳ್ಳೂರು ಕ್ರಾಸ್ ಅಥವಾ ಚನ್ನರಾಯಪಟ್ಟಣದಲ್ಲಿ ತಿಂಡಿ ಮುಗಿಸಿ, ಹಾಸನ, ಬೇಲೂರಿನ ಮೂಲಕ ಹತ್ತೂವರೆ ಹನ್ನೊಂದಕ್ಕೆ ಚಿಕ್ಕಮಗಳೂರು ಮುಟ್ಟಬಹುದು.

ಬಯಲುಸೀಮೆಯ ಚಾಲಕರಿಗೆ ಘಾಟಿಯ ಪಾಠ ಒಂದೇ ಸಾಲಿನದು: ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಸೀತಾಳಯ್ಯನಗಿರಿಯಿಂದ ಇಳಿಯುವಾಗ ನಮ್ಮ ಗೆಳೆಯನೊಬ್ಬ ಮೂರನೇ ಗೇರಿನಲ್ಲಿಟ್ಟು ಬ್ರೇಕ್ ಒತ್ತಿಕೊಂಡೇ ಬಂದ. ನಾಲ್ಕೈದು ತಿರುವಿನ ನಂತರ ಸುಟ್ಟ ವಾಸನೆ ಬಂತು. ಅದು ಹೊರಗಿನ ಕಸದ ಹೊಗೆ ಇರಬೇಕೆಂದು ಹಿಂದಿನ ಸೀಟಿನವರು ಕಿಟಕಿ ಏರಿಸಿದರು. ಮುಂದಿನ ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋದಾಗ ಅವನ ಮುಖ ಬಿಳಿಚಿಕೊಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡನೇ ಗೇರಿಗೆ, ಆಮೇಲೆ ಮೊದಲನೆಯದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆದು, ರಸ್ತೆ ಅಗಲವಾದ ಕಡೆ ಬೆಟ್ಟದ ಬದಿಗೆ ನಿಲ್ಲಿಸಿದೆವು. ಚಕ್ರದ ಮುಂದೆ ಕಲ್ಲಿಟ್ಟು ಅರ್ಧ ಗಂಟೆ ಕಡಲೆಕಾಯಿ ತಿನ್ನುತ್ತ ಕುಳಿತೆವು. ಇಂಥ ಸಂದರ್ಭದಲ್ಲಿ ಕಾದ ಡಿಸ್ಕಿಗೆ ನೀರು ಸುರಿಯಬಾರದು, ಅದು ಬಿರಿಯಬಹುದು, ತಾನಾಗಿಯೇ ಆರಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಜಾಣತನವನ್ನಂತೂ ಯಾರಿಗೂ ಕಲಿಸಬೇಡಿ.

ಕಿರಿದಾದ ರಸ್ತೆಯಲ್ಲಿ ಏರುವ ಗಾಡಿಗೆ ಮೊದಲ ದಾರಿ. ಇಳಿಯುವವರು ನಿಂತು ದಾರಿ ಬಿಡಬೇಕು. ತಿರುವಿಗೆ ಮುನ್ನ ಹಾರ್ನ್ ಹೊಡೆಯಿರಿ, ತಿರುವಿನಲ್ಲಿ ಓವರ್‌ಟೇಕ್ ಬೇಡ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ವಾಪಸು ಬರುತ್ತದೆ, ಲೋಬೀಮ್ ಸರಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ನೀವು ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ತಲೆ ತಿರುಗುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಫೋನ್ ಕಸಿದುಕೊಂಡು, ದೂರ ನೋಡಲು ಹೇಳಿ. ರಕ್ತದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮದ್ಯ ಮೀರಿದರೆ ಮೊದಲ ಸಲವೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಘಾಟಿಯಲ್ಲಿ ದಂಡ ಕಟ್ಟುವ ಅವಕಾಶವೂ ಸಿಗದೆ ಹೋಗಬಹುದು. ಸಹಾಯಕ್ಕೆ 112 ಸಂಖ್ಯೆ ಎಲ್ಲರ ಫೋನಿನಲ್ಲೂ ಇರಲಿ.

ಬೆಟ್ಟದ ಮೇಲಿನ ಎರಡು ದಿನ

ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಶನಿವಾರ ಮಧ್ಯಾಹ್ನದ ಪಾಳಿ ಸಿಕ್ಕಿದ್ದರೆ ಊಟ ಮುಗಿಸಿ ಸೀತಾಳಯ್ಯನಗಿರಿಯ ಮೂಲಕ ಮುಳ್ಳಯ್ಯನಗಿರಿಗೆ ಹೋಗಿ. ಕರ್ನಾಟಕದ ಅತ್ಯುನ್ನತ ಶಿಖರವಾದರೂ ವಾಹನ ಮೇಲಿನವರೆಗೆ ಹೋಗುವುದರಿಂದ, ಕೊನೆಯ ಮೆಟ್ಟಿಲುಗಳನ್ನು ಹತ್ತುವುದಷ್ಟೇ ಕಾಲಿನ ಕೆಲಸ. ಮಂಜು ಮುಚ್ಚಿ ಏನೂ ಕಾಣದಿದ್ದರೆ ಕೂಡಲೇ ಇಳಿಯಬೇಡಿ. ಗಾಳಿ ಬೀಸಿದಾಗ ಪರದೆ ಸರಿದಂತೆ ಎದುರಿನ ಬೆಟ್ಟದ ಸಾಲು ಒಂದು ನಿಮಿಷ ತೆರೆದುಕೊಂಡು ಮತ್ತೆ ಮುಚ್ಚಿಹೋಗುತ್ತದೆ. ಸಂಜೆಯಾಗುವ ಮೊದಲೇ ಇಳಿದು ಹೋಮ್‌ಸ್ಟೇ ಸೇರಿ. ಕತ್ತಲಲ್ಲಿ ತೋಟದ ರಸ್ತೆಗಳಲ್ಲಿ ಫೋನಿನ ನಕ್ಷೆ ದಾರಿ ತಪ್ಪಿಸುತ್ತದೆ, ಕೆಲವು ಭಾಗಗಳಲ್ಲಿ ಆನೆಗಳ ಓಡಾಟವೂ ಇದೆ.

ಭಾನುವಾರ ಬೆಳಿಗ್ಗೆ ತೋಟದಲ್ಲೊಂದು ಸುತ್ತು, ಕಡುಬೋ ಅಕ್ಕಿರೊಟ್ಟಿಯೋ ತಿಂಡಿ. ಹನ್ನೊಂದಕ್ಕೆ ಹೊರಟರೆ ಇಪ್ಪತ್ತೈದು ಕಿಲೋಮೀಟರ್ ದೂರದ ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯವನ್ನು ದಾರಿಯಲ್ಲೇ ನೋಡಬಹುದು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹಳೇಬೀಡನ್ನೂ ನೋಡುತ್ತೇವೆ ಎಂದರೆ ಇನ್ನೆರಡು ಗಂಟೆ ಹೋಗುತ್ತದೆ. ಆಗ ವಾಪಸಿನ ಲೆಕ್ಕ ಬದಲಾಗುತ್ತದೆ.

ವಾಪಸು

ಸಂಜೆ ಐದರಿಂದ ಹತ್ತರವರೆಗೆ ನೆಲಮಂಗಲದ ಕಡೆಯಿಂದ ಬೆಂಗಳೂರು ಸೇರುವ ರಸ್ತೆ, ಅದರಲ್ಲೂ ಸಾಲು ರಜೆಯ ಕೊನೆಯ ದಿನ, ಆಮೆಯ ನಡಿಗೆಯಲ್ಲಿರುತ್ತದೆ. ಮಧ್ಯಾಹ್ನ ಒಂದಕ್ಕೆಲ್ಲ ಬೇಲೂರು ಬಿಡಿ, ಅಥವಾ ಹಾಸನದಲ್ಲಿ ರಾತ್ರಿಯೂಟ ಮುಗಿಸಿ ಹತ್ತರ ನಂತರ ನಗರ ಮುಟ್ಟುವಂತೆ ಬನ್ನಿ. ಎರಡನೆಯದಾದರೆ ಹಾಸನದಿಂದ ಚಾಲಕ ಬದಲಾಗಲಿ. ಪಕ್ಕದಲ್ಲಿ ಕೂತವನು ನಿದ್ದೆ ಮಾಡಬಾರದು, ಮಾತಾಡುತ್ತಿರಬೇಕು. ಖಜಾಂಚಿಯು ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಬರೆದು, ಮನೆ ಮುಟ್ಟುವ ಮೊದಲೇ ಯಾರು ಯಾರಿಗೆ ಎಷ್ಟೆಂದು ಗುಂಪಿಗೆ ಹಾಕಲಿ. ಸೋಮವಾರಕ್ಕೆ ಮುಂದೂಡಿದ ಲೆಕ್ಕದಲ್ಲಿ ಯಾರದೋ ಎರಡು ಕಾಫಿ, ಒಂದು ಟೋಲ್ ಯಾವಾಗಲೂ ಕಾಣೆಯಾಗಿರುತ್ತವೆ.